ನಲ್ಲಿ ಬದಲಾಯಿಸಿದರೂ ನೀರು ಬರಲಿಲ್ಲ: ನಮ್ಮ ಹಳ್ಳಿ ಮನೆಯ ಪೈಪ್ ರಿಪೇರಿಯ ಒಂದು ತಿಂಗಳು

ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ನಮ್ಮ ಬಚ್ಚಲಿನ ಬಿಸಿನೀರಿನ ನಲ್ಲಿ ಕೈಕೊಟ್ಟಿತು. ಪೂರ್ತಿ ನಿಂತಿರಲಿಲ್ಲ, ಊದುಬತ್ತಿ ಕಡ್ಡಿಯಷ್ಟು ಸಣ್ಣಗೆ ಬರುತ್ತಿತ್ತು. ಒಂದು ಬಕೆಟ್ ತುಂಬಲು 25 ನಿಮಿಷ. ಅದೇ ವಾರ ಅಡುಗೆಮನೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿತು. ಕೈಯಿಟ್ಟರೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ಬೀದಿಯಿಂದ ಬರುವ ಪಂಚಾಯ್ತಿ ನೀರಿನ ಕಥೆಯೂ ಅಷ್ಟೇ. ಮೊದಲು ಒಂದು ಗಂಟೆಯಲ್ಲಿ ತುಂಬುತ್ತಿದ್ದ ಸಂಪು ಈಗ ಅರ್ಧಕ್ಕೂ ಬರುತ್ತಿರಲಿಲ್ಲ.

ಮೂರಕ್ಕೂ ಕಾರಣ ಒಂದೇ ಅಂದುಕೊಂಡೆ. ಮೂರಕ್ಕೂ ಬೇರೆ ಬೇರೆ ಕಾರಣ ಇತ್ತು. ಅದು ಗೊತ್ತಾಗುವಷ್ಟರಲ್ಲಿ ಹತ್ತು ದಿನ ಹೋಯಿತು. ನಿಮ್ಮ ಮನೆಯಲ್ಲೂ ಹೀಗಾದರೆ ಆ ಹತ್ತು ದಿನ ಉಳಿಯಲಿ ಅಂತ ಇಷ್ಟನ್ನೂ ಬರೆಯುತ್ತಿದ್ದೇನೆ.

ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಮನೆ ಕಟ್ಟಿಸಿದ್ದು ನಮ್ಮ ಮಾವ, 2004ರಲ್ಲಿ. ಆಗ ಎಲ್ಲರೂ ಹಾಕಿಸುತ್ತಿದ್ದ ಹಾಗೆ ಗೋಡೆಯೊಳಗೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಹಾಕಿಸಿದ್ದರು. ಮಾವ ಈಗಿಲ್ಲ. ನಮ್ಮ ಮನೆಯವರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ಹಾಗಾಗಿ ಪ್ಲಂಬರ್ ಹುಡುಕುವುದರಿಂದ ಹಿಡಿದು ಪಂಚಾಯ್ತಿಗೆ ಓಡಾಡುವವರೆಗೆ ಎಲ್ಲ ನನ್ನ ಪಾಲಿಗೇ ಬಂತು.

ಮೊದಲ ದಿನ ಮಾಡಿದ ಕೆಲಸವೆಂದರೆ ಬಿಸಿನೀರಿನ ನಲ್ಲಿ ಬದಲಾಯಿಸಿದ್ದು. 450 ರೂಪಾಯಿ. ನೀರು ಅಷ್ಟೇ ಸಣ್ಣಗೆ ಬಂತು. ಆಮೇಲೆ ಒಬ್ಬ ಪ್ಲಂಬರ್‌ನ ಕರೆಸಿದೆ. ಅವರು ಐದು ನಿಮಿಷ ನೋಡಿ, "ಎರಡೂ ಬಾತ್‌ರೂಮಿನ ಟೈಲ್ಸ್ ಒಡೀಬೇಕು, 60 ಸಾವಿರ ಆಗುತ್ತೆ" ಅಂದರು. ಒಂದು ವಾಲ್ವ್ ಮುಚ್ಚಿ ನೋಡಲಿಲ್ಲ, ಮಾಳಿಗೆ ಹತ್ತಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಬ್ಬ ಹತ್ತಿರ, ಮಕ್ಕಳ ಪರೀಕ್ಷೆ ಹತ್ತಿರ, ಮನೆ ತುಂಬ ಕಲ್ಲು ಮಣ್ಣು ಮಾಡಿಕೊಂಡು ಹೇಗಿರೋದು?

ಬೆಳಿಗ್ಗೆ ಪಕ್ಕದ ಮನೆ ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. ಅವರು ಮೊದಲು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದವರು. "ಗೋಡೆ ಒಡೆಯೋಕೆ ಯಾವಾಗ ಬೇಕಾದ್ರೂ ಆಗುತ್ತೆ ಕಣಮ್ಮ. ಮೊದಲು ನೀರು ಎಲ್ಲಿ ಹೋಗ್ತಿದೆ, ಎಲ್ಲಿ ನಿಲ್ತಿದೆ ನೋಡು. ಒಂದು ಕೋಲು ಸಾಕು" ಅಂದರು.

ಅವರು ಹೇಳಿದ್ದು ಇಷ್ಟು. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮಾಳಿಗೆ ಮೇಲಿನ ಟ್ಯಾಂಕಿಗೆ ಒಣ ಕೋಲು ಇಳಿಸಿ, ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿ ಗುರುತು ಮಾಡಬೇಕು. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಇಳಿಸಿ ನೋಡಬೇಕು. ನಮ್ಮದರಲ್ಲಿ ನಾಲ್ಕು ಬೆರಳು ಇಳಿದಿತ್ತು. ಸಾವಿರ ಲೀಟರ್ ಟ್ಯಾಂಕಿನಲ್ಲಿ ನಾಲ್ಕು ಬೆರಳೆಂದರೆ ಹೆಚ್ಚುಕಮ್ಮಿ ನಾಲ್ಕೈದು ಬಿಂದಿಗೆ. ಮನೆಯವರೆಲ್ಲ ಮಲಗಿದ್ದಾಗ ಅಷ್ಟು ನೀರು ಎಲ್ಲೋ ಹೋಗಿತ್ತು.

ಎಲ್ಲಿ ಅಂತ ಒಂದೊಂದೇ ಹುಡುಕಿದೆ. ಹಿತ್ತಲ ನಲ್ಲಿ ತೊಟ್ಟಿಕ್ಕುವುದು ವರ್ಷದಿಂದ ಇತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ರಾತ್ರಿ 9ಕ್ಕೆ ಅದರ ಕೆಳಗೆ ಬಕೆಟ್ ಇಟ್ಟೆ. ಬೆಳಿಗ್ಗೆ 6ಕ್ಕೆ ಅಳೆದರೆ 7 ಲೀಟರ್. ದಿನಕ್ಕೆ 18 ಲೀಟರ್ ಮೇಲಾಯಿತು. ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತಾರಲ್ಲ, ಅದರಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಅದರಲ್ಲಿ ಮೂರನೇ ಒಂದು ಪಾಲು ಆ ಒಂದು ನಲ್ಲಿಯಿಂದಲೇ ಮಣ್ಣಿಗೆ ಹೋಗುತ್ತಿತ್ತು. ಒಳಗಿನ ರಬ್ಬರ್ ವಾಷರ್ ಸವೆದಿತ್ತು ಅಷ್ಟೇ. ಹತ್ತು ರೂಪಾಯಿಯ ವಾಷರ್ ಹಾಕಿದ ಮೇಲೆ ನಿಂತಿತು.

ಟಾಯ್ಲೆಟ್ಟಿನ ಫ್ಲಷ್ ಟ್ಯಾಂಕ್ ಸೋರುವುದು ಕಣ್ಣಿಗೆ ಕಾಣುವುದಿಲ್ಲ, ಸದ್ದೂ ಆಗುವುದಿಲ್ಲ. ಅದಕ್ಕೆ ಸುಲಭ ಉಪಾಯ ಇದೆ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಫ್ಲಷ್ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಷ್ ಮಾಡದೆ ಬಿಡಿ. ಕೆಳಗೆ ಬೇಸಿನ್ನಿಗೆ ಬಣ್ಣ ಇಳಿದರೆ ಒಳಗಿನ ರಬ್ಬರ್ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ನಮ್ಮದರಲ್ಲಿ ಹತ್ತು ನಿಮಿಷಕ್ಕೇ ಕಿತ್ತಳೆ ಗೆರೆ ಇಳಿಯಿತು.

ಆ ಎರಡನ್ನೂ ಸರಿ ಮಾಡಿ ಮತ್ತೆ ಕೋಲು ಇಳಿಸಿದರೆ ಇನ್ನೂ ಎರಡು ಬೆರಳು ಕಡಿಮೆ. ಹಾಗಾದರೆ ಗೋಡೆಯೊಳಗೇ ಸೋರುತ್ತಿದೆ. ಅಡುಗೆಮನೆ ಲೈನಿನ ಗೇಟ್ ವಾಲ್ವ್ ಮುಚ್ಚಿ ನೋಡೋಣ ಅಂತ ಮಾಳಿಗೆ ಹತ್ತಿದೆ. ಎಷ್ಟು ವರ್ಷದಿಂದ ಆ ವಾಲ್ವ್ ತಿರುಗಿಸಿರಲಿಲ್ಲವೋ. ಕೈಯಲ್ಲಿ ಬಗ್ಗಲಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿದೆ, ಒಳಗಿನ ದಂಡ ಕಟ್ ಅಂತ ಮುರಿಯಿತು. ಕುತ್ತಿಗೆಯಿಂದ ನೀರು ಚಿಮ್ಮಿತು. ಬಟ್ಟೆ ಸುತ್ತಿದರೂ, ಸೈಕಲ್ ಟ್ಯೂಬ್ ಕಟ್ಟಿದರೂ ನಿಲ್ಲಲಿಲ್ಲ. ಟ್ಯಾಂಕಿನಲ್ಲಿದ್ದ ನೀರೆಲ್ಲ ಮಾಳಿಗೆ ಮೇಲೆ ಹರಿದು ಮಳೆನೀರಿನ ದೋಣಿಯಿಂದ ಅಂಗಳಕ್ಕೆ ಸುರಿಯಿತು. ಅತ್ತೆ ಕೆಳಗೆ ಇದ್ದಬದ್ದ ಕೊಡ, ಡ್ರಮ್ಮು ಎಲ್ಲ ತಂದು ದೋಣಿ ಕೆಳಗೆ ಇಡುತ್ತಿದ್ದರು. ಆ ದಿನ ಪಂಚಾಯ್ತಿ ನೀರು ಬಿಡುವ ದಿನವೂ ಅಲ್ಲ. 600 ರೂಪಾಯಿ ಕೊಟ್ಟು ಒಂದು ಟ್ಯಾಂಕರ್ ಹಾಕಿಸಿಕೊಂಡೆವು.

ಹಳೇ ಗೇಟ್ ವಾಲ್ವ್ ಇರುವವರಿಗೆ ಒಂದು ಮಾತು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಪೂರ್ತಿ ಮುಚ್ಚಿ, ಪೂರ್ತಿ ತೆಗೆಯಿರಿ. ನಮ್ಮ ಕಡೆಯ ಗಡಸು ನೀರಿಗೆ ಒಳಗೆ ಸುಣ್ಣ ಕಟ್ಟಿ ಅದು ಅಂಟಿಕೊಂಡುಬಿಡುತ್ತೆ. ವರ್ಷಗಟ್ಟಲೆ ಮುಟ್ಟದಿದ್ದರೆ, ಟ್ಯಾಂಕ್ ಖಾಲಿ ಇರುವ ಹೊತ್ತಲ್ಲದೆ ಬಲವಂತ ಮಾಡಬೇಡಿ. ಹೊಸದು ಹಾಕಿಸುವುದಾದರೆ ಬಾಲ್ ವಾಲ್ವ್ ಹಾಕಿಸಿ, ಕಾಲು ಸುತ್ತಿಗೆ ಮುಚ್ಚುತ್ತೆ.

ಆಮೇಲೆ ಕಾಯುವುದು ಶುರುವಾಯಿತು. ಯುಗಾದಿ ಮುಂಚೆ ಎಲ್ಲರಿಗೂ ಮನೆ ಕೆಲಸ ಮುಗಿಯಬೇಕು, ಪ್ಲಂಬರ್‌ಗಳು ಕೈಗೆ ಸಿಗುವುದಿಲ್ಲ. ದೊಡ್ಡಪ್ಪ ಕೊರಟಗೆರೆ ಕಡೆಯ ಒಬ್ಬ ಹುಡುಗನ ನಂಬರ್ ಕೊಟ್ಟರು. "ನಾಳೆ ಬರ್ತೀನಿ ಅಕ್ಕ" ಅಂತ ಆರು ದಿನ ಹೇಳಿದ. ಮುರಿದ ವಾಲ್ವಿನ ಜಾಗಕ್ಕೆ ದೊಡ್ಡಪ್ಪನೇ ಎಂಡ್ ಕ್ಯಾಪ್ ಹಾಕಿ ಮುಚ್ಚಿದ್ದರಿಂದ ಬಚ್ಚಲಿಗೆ ಮಾತ್ರ ನೀರಿತ್ತು. ಅಡುಗೆಮನೆಗೆ ಆರು ದಿನವೂ ಸಂಪಿನಿಂದ ಸೇದಿ ಹೊತ್ತೆವು. ಆದರೆ ಅಡುಗೆಮನೆ ಗೋಡೆ ಆ ಆರು ದಿನದಲ್ಲಿ ಒಣಗುತ್ತಾ ಬಂತು. ಸೋರುತ್ತಿದ್ದದ್ದು ಅದೇ ಲೈನು ಅನ್ನುವುದು ಹಾಗೆ ಖಾತ್ರಿಯಾಯಿತು.

ಏಳನೇ ದಿನ ಬೆಳಿಗ್ಗೆ ಏಳಕ್ಕೇ ಹುಡುಗ ಬಂದ, ಜೊತೆಗೆ ಒಬ್ಬ ಹೆಲ್ಪರ್. ಅವನು ಮೊದಲು ಮಾಡಿದ್ದು ಮಾಳಿಗೆ ಮೇಲೆ ಬಿಸಿನೀರಿನ ಸೋಲಾರ್ ಟ್ಯಾಂಕಿನಿಂದ ಇಳಿಯುವ ಜಿಐ ಪೈಪನ್ನು ಒಂದಡಿ ಕತ್ತರಿಸಿದ್ದು. ಆ ತುಂಡು ನನ್ನ ಕೈಗೆ ಕೊಟ್ಟ. ಮುಕ್ಕಾಲು ಇಂಚಿನ ಪೈಪು. ಒಳಗೆ ನೋಡಿದರೆ ಪೆನ್ಸಿಲ್ ಕೂಡ ತೂರದಷ್ಟು ತೂತು. ಹೊರಗಿನ ಅಂಚಿಗೆ ಕಂದು ತುಕ್ಕು, ಅದರೊಳಗೆ ಬಿಳೀ ಸುಣ್ಣ, ಈರುಳ್ಳಿ ಹೆಚ್ಚಿದಾಗ ಕಾಣುವ ಹಾಗೆ ಸುತ್ತು ಸುತ್ತಾಗಿ ಕಟ್ಟಿತ್ತು. ಉಗುರಲ್ಲಿ ಕೆರೆದರೆ ಒಂದು ಚೂರೂ ಬರಲಿಲ್ಲ. ತುಂಡು ಕಲ್ಲಿನಷ್ಟು ಭಾರ ಇತ್ತು.

"ನಲ್ಲಿ ಎಷ್ಟು ಬದಲಾಯಿಸಿದ್ರೂ ಅಷ್ಟೇ ಅಕ್ಕ, ನೀರು ಬರೋ ದಾರಿನೇ ಮುಚ್ಚೋಗಿದೆ" ಅಂದ.

ತಣ್ಣೀರಿನ ಪೈಪು ಕತ್ತರಿಸಿದಾಗ ಅದರಲ್ಲಿ ತುಕ್ಕು ಜಾಸ್ತಿ ಇತ್ತು, ಸುಣ್ಣ ಇಷ್ಟಿರಲಿಲ್ಲ. ನಮ್ಮ ಬೋರ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ನೀರು ಕಾದಾಗಲೇ ಹೆಚ್ಚಾಗಿ ಗಟ್ಟಿಯಾಗಿ ಕೂರುವುದು. ಟೀ ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತಲ್ಲ, ಅದೇ. ಅದಕ್ಕೇ ಸೋಲಾರ್, ಗೀಸರ್ ಲೈನು ಯಾವಾಗಲೂ ಮೊದಲು ಕಟ್ಟುತ್ತೆ. ಹಳ್ಳಿ ಮನೆಯಲ್ಲಿ ಟ್ಯಾಂಕು ನಲ್ಲಿಗಿಂತ ಹತ್ತು ಹನ್ನೊಂದು ಅಡಿಯಷ್ಟೇ ಮೇಲಿರುತ್ತೆ. ಹತ್ತು ಮೀಟರ್, ಅಂದರೆ ಸುಮಾರು 33 ಅಡಿ ಎತ್ತರ ಇದ್ದರೆ ಒಂದು ಕೆಜಿ ಪ್ರೆಶರ್ ಅಂತ ಲೆಕ್ಕ, ನಮಗೆ ಸಿಗುವುದು ಅದರಲ್ಲಿ ಮೂರನೇ ಒಂದು ಭಾಗ. ಅಷ್ಟು ಸಣ್ಣ ಒತ್ತಡಕ್ಕೆ ಪೈಪು ಅರ್ಧ ಮುಚ್ಚಿದರೂ ನೀರು ಸಾಯುತ್ತೆ.

ಈಗ ಗೋಡೆ ಒಡೆಯಬೇಕಾ ಅಂತ ಕೇಳಿದೆ. ಬೇಡ ಅಂದ. ಹಳೇ ಪೈಪನ್ನು ಗೋಡೆಯೊಳಗೇ ಎರಡೂ ಕಡೆ ಮುಚ್ಚಿ ಬಿಟ್ಟುಬಿಟ್ಟು, ಬಿಸಿನೀರು ತಡೆಯುವ ಪ್ಲಾಸ್ಟಿಕ್ಕಿನ ಹೊಸ ಸಿಪಿವಿಸಿ ಲೈನನ್ನು ಹೊರಗೋಡೆ ಮೇಲೆ ಕ್ಲಾಂಪ್ ಹೊಡೆದು ಎಳೆದು, ನಲ್ಲಿ ಇರುವ ಕಡೆ ಮಾತ್ರ ತೂತು ಕೊರೆದು ಒಳಗೆ ತರುವುದು. ನೋಡಲು ಅಷ್ಟು ಚೆಂದ ಇರುವುದಿಲ್ಲ ಅಂತ ಅತ್ತೆಗೆ ಸ್ವಲ್ಪ ಬೇಜಾರಾಯಿತು. ನನಗೆ ಮಾತ್ರ ಅದೇ ಸರಿ ಅನ್ನಿಸಿತು. ಮುಂದೆ ಎಲ್ಲಿ ಸೋರಿದರೂ ಕಣ್ಣಿಗೆ ಕಾಣುತ್ತೆ, ಅಲ್ವಾ?

ಸಾಮಾನು ತರಲು ಮಧುಗಿರಿಗೆ ಹೋದೆವು. ಬಿಲ್ಲು 11,640 ರೂಪಾಯಿ. ಅಂಗಡಿಯಲ್ಲಿ ಹಣ ಉಳಿಸುವ ಆಸೆಗೆ ಎರಡು ಕಡೆ ತಪ್ಪು ಆಗುತ್ತಿತ್ತು, ಹುಡುಗ ತಡೆದ. ನಲ್ಲಿ ಕೂರುವ ಜಾಗಕ್ಕೆ ಒಳಗೆ ಹಿತ್ತಾಳೆ ಮರೆ, ಅಂದರೆ ತಿರುಪಿನ ಗೆರೆ, ಇರುವ ಎಲ್ಬೋ (ಮೂಲೆ ತಿರುಗುವ ಜಾಯಿಂಟ್) ಬೇಕು. ಬರೀ ಪ್ಲಾಸ್ಟಿಕ್ ಮರೆಯದ್ದು ಕಡಿಮೆಗೆ ಸಿಗುತ್ತೆ, ಆದರೆ ನಾಲ್ಕು ಸಲ ನಲ್ಲಿ ಬಿಚ್ಚಿ ಹಾಕಿದರೆ ಸೀಳುತ್ತೆ. ಇನ್ನೊಂದು, ಬಿಳೀ ಪಿವಿಸಿ ಪೈಪನ್ನು ಬಿಸಿನೀರಿಗೆ ಹಾಕಲೇಬಾರದು, ಮೆತ್ತಗಾಗಿ ಬಾಗುತ್ತೆ. ಕೆನೆ ಬಣ್ಣದ ಸಿಪಿವಿಸಿಯೇ ಬೇಕು, ಅದಕ್ಕೆ ಅದರದೇ ಅಂಟಿಸುವ ಸಲ್ಯೂಷನ್ ಬೇಕು. ಸೋಲಾರ್ ಟ್ಯಾಂಕಿನ ಬಾಯಿಗೆ ಅದೂ ಬೇಡ. ಬೇಸಿಗೆಯಲ್ಲಿ ನೀರು ಬಳಸದೆ ಬಿಟ್ಟರೆ ಅಲ್ಲಿ ಕುದಿಯುವ ಹತ್ತಿರಕ್ಕೆ ಬರುತ್ತೆ. ಮೊದಲ ಮೂರಡಿ ಹೊಸ ಜಿಐ ಹಾಕಿ, ಆಮೇಲೆ ಸಿಪಿವಿಸಿ ಜೋಡಿಸಿದ. ಆ ಜೋಡಣೆಯಲ್ಲಿ ಒಂದು ಯೂನಿಯನ್, ಅಂದರೆ ಬಿಚ್ಚಿ ಮತ್ತೆ ಹಾಕಬಹುದಾದ ಜಾಯಿಂಟ್, ಇಟ್ಟ. ಮುಂದೆ ಸುಣ್ಣ ಕಟ್ಟಿದರೆ ಪೈಪು ಕತ್ತರಿಸದೆ ಬಿಚ್ಚಿ ನೋಡಬಹುದು. ಯಾವ ಪ್ಲಂಬರ್ ಬಂದರೂ ಯೂನಿಯನ್ ಎಲ್ಲೆಲ್ಲಿ ಇಡ್ತೀರಾ ಅಂತ ಕೇಳಿ. ಇದೊಂದನ್ನು ಮರೆಯಬೇಡಿ.

ಕೆಲಸ ನಾಲ್ಕು ದಿನ ನಡೆಯಿತು. ಮೂರನೇ ದಿನ ಸಂಜೆ 300 ರೂಪಾಯಿ ಬಾಡಿಗೆಗೆ ಕೈ ಪ್ರೆಶರ್ ಪಂಪ್ ತಂದು, ಎಲ್ಲ ನಲ್ಲಿ ಜಾಗಕ್ಕೂ ಪ್ಲಗ್ ಹಾಕಿ, 6 ಕೆಜಿ ಪ್ರೆಶರ್ ಏರಿಸಿ ಬಿಟ್ಟ. ನಾನು ಮೀಟರಿನ ಮುಂದೆಯೇ ಕೂತೆ. ಮುಳ್ಳು ಆರರಿಂದ ಐದೂವರೆಗೆ ಬಂತು, ಆಮೇಲೆ ಐದಕ್ಕೆ. ಎದೆ ಧಸಕ್ಕೆಂದಿತು. ಟಾರ್ಚ್ ಹಿಡಿದು ಒಂದೊಂದು ಜಾಯಿಂಟೂ ಒರೆಸಿ ನೋಡಿದೆವು. ಅಡುಗೆಮನೆ ಹಿಂದಿನ ಎಲ್ಬೋದಲ್ಲಿ ಸಾಸಿವೆ ಕಾಳಿನಷ್ಟು ಹನಿ. ಹೆಲ್ಪರ್ ಅದನ್ನು ಪೂರ್ತಿ ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿರಲಿಲ್ಲ. ಕತ್ತರಿಸಿ ಹೊಸದು ಹಾಕಿದರು. ಮತ್ತೆ ಒಂದು ದಿನ ಒಣಗಲು ಬಿಟ್ಟು, ಮತ್ತೆ ಪರೀಕ್ಷೆ. ಈ ಸಲ ಮುಳ್ಳು ಎರಡು ಗಂಟೆ ಅಲ್ಲಾಡಲಿಲ್ಲ. ಪ್ಲಂಬರ್ ಅವಸರ ಮಾಡಿದರೂ ಈ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ. ಗೋಡೆಯೊಳಗೆ ಪೈಪು ಹಾಕಿಸುವವರಂತೂ ಗಾರೆ ಮುಚ್ಚುವ ಮೊದಲೇ ಮಾಡಿಸಬೇಕು.

ಒಳಗಿನದು ಸರಿಹೋಯಿತು. ಬೀದಿ ನೀರಿನ ಸಮಸ್ಯೆ ಹಾಗೇ ಇತ್ತು.

ನಮ್ಮ ಮನೆ ಮುಂದೆ ಸಿಸಿ ರಸ್ತೆ. ಮೈನ್ ಪೈಪು ಆಚೆ ಬದಿಯಲ್ಲಿದೆ, ನಮ್ಮ ಕನೆಕ್ಷನ್ ರಸ್ತೆ ಅಡಿಯಲ್ಲಿ ಬರುತ್ತೆ. ನೀರುಗಂಟಿ ಬಂದು ನೋಡಿ, "ಆಚೆ ಮನೆಗಳಿಗೆಲ್ಲ ಚೆನ್ನಾಗಿ ಬರ್ತಿದೆ, ನಿಮ್ಮ ಕನೆಕ್ಷನ್ ಮಾತ್ರ ಕಟ್ಟಿದೆ. ರಸ್ತೆ ಕತ್ತರಿಸಬೇಕು, ಪಿಡಿಒ ಸಾಹೇಬ್ರ ಪರ್ಮಿಷನ್ ತಗೊಳ್ಳಿ" ಅಂದರು.

ಪಂಚಾಯ್ತಿಗೆ ನಾಲ್ಕು ಸಲ ಹೋದೆ. ಮೊದಲ ಸಲ ಪಿಡಿಒ ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ, ಕಂದಾಯ ಮತ್ತು ನೀರಿನ ಬಾಕಿ ಕಟ್ಟಿದ ರಸೀದಿ ಇಲ್ಲದೆ ಅರ್ಜಿ ತಗೊಳ್ಳುವುದಿಲ್ಲ ಅಂದರು. ಬಾಕಿ 2,160 ರೂಪಾಯಿ ಇತ್ತು, ಅಲ್ಲೇ ಕಟ್ಟಿದೆ. ಮೂರನೇ ಸಲ ಇನ್ನೊಂದು ಎದುರಾಯಿತು. ಖಾತೆ ಇನ್ನೂ ಮಾವನ ಹೆಸರಲ್ಲೇ ಇದೆ, ಅರ್ಜಿ ನನ್ನ ಹೆಸರಲ್ಲಿ. ಹೀಗೆ ಆಗಲ್ಲ ಅಂದರು. ಆ ಕ್ಷಣ ಕಣ್ಣಲ್ಲಿ ನೀರು ಬಂತು. ಆದರೆ ಅಲ್ಲಿದ್ದ ಬಿಲ್ ಕಲೆಕ್ಟರ್ ದಾರಿ ಹೇಳಿಕೊಟ್ಟರು. ಅರ್ಜಿಯನ್ನು ಅತ್ತೆಯ ಹೆಸರಲ್ಲಿ ಬರೆದು, ಮಾವನ ಮರಣ ಪತ್ರದ ನಕಲು, ಅತ್ತೆಯ ಆಧಾರ್ ನಕಲು, ಕಂದಾಯದ ರಸೀದಿ, ಜೊತೆಗೆ ರಸ್ತೆಯನ್ನು ಮೊದಲಿದ್ದ ಹಾಗೆ ಮಾಡಿಕೊಡುತ್ತೇವೆ ಅಂತ ಒಂದು ಮುಚ್ಚಳಿಕೆ ಇಟ್ಟರೆ ಸಾಕು ಅಂದರು. ನಾಲ್ಕನೇ ಸಲ ಅತ್ತೆಯನ್ನೇ ಕರೆದುಕೊಂಡು ಹೋಗಿ ಅಲ್ಲೇ ಸಹಿ ಹಾಕಿಸಿದೆ. ಮೂರು ದಿನಕ್ಕೆ ಪತ್ರ ಸಿಕ್ಕಿತು. ನಿಮ್ಮ ಮನೆ ಖಾತೆಯೂ ತೀರಿಹೋದ ಹಿರಿಯರ ಹೆಸರಲ್ಲಿದ್ದರೆ, ಆರಾಮಾಗಿರುವಾಗಲೇ ಬದಲಾಯಿಸಿಕೊಳ್ಳಿ. ನಾವು ಈಗ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದೇವೆ.

ನೀರು ಬಿಡದ ದಿನ ನೋಡಿ ರಸ್ತೆ ಕತ್ತರಿಸಿದೆವು. ನಮ್ಮ ಕನೆಕ್ಷನ್ ತೆಗೆಯಲು ಮೈನ್ ಪೈಪಿಗೆ ಹಾಕಿದ್ದ ಕ್ಲಾಂಪಿನ ಬಾಯಲ್ಲಿ ಮರಳು ಗಟ್ಟಿಯಾಗಿ ಕೂತಿತ್ತು, ನಡುವೆ ಕಡಲೆಕಾಳಿನಷ್ಟು ಒಂದು ಕಲ್ಲು. ಬೋರಿನ ಮೋಟಾರ್ ಎತ್ತಿ ಮತ್ತೆ ಇಳಿಸಿದಾಗ ಬಂದ ಮರಳು ಇರಬೇಕು ಅಂದರು ನೀರುಗಂಟಿ. ಅದಕ್ಕಿಂತ ನನಗೆ ಭಯವಾದದ್ದು ಬೇರೆ. ನಮ್ಮ ಪೈಪು ಚರಂಡಿಯೊಳಗಿಂದಲೇ ಹಾದುಬಂದಿತ್ತು, ಆ ಕೊಳಚೆಯಲ್ಲಿ ಮುಳುಗಿದ ಕಡೆಯೇ ಒಂದು ಸೀಳು. ನೀರು ಬಿಟ್ಟಾಗ ಒಳಗಿನಿಂದ ಹೊರಗೆ ಸೋರುತ್ತೆ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತಾ ಹೊರಗಿನ ಕೊಳಚೆಯನ್ನೇ ಒಳಗೆ ಎಳೆದುಕೊಳ್ಳುತ್ತೆ. ಹೋದ ಮಳೆಗಾಲದಲ್ಲಿ ಚಿಕ್ಕವಳಿಗೆ ಎರಡು ಸಲ ಹೊಟ್ಟೆ ಕೆಟ್ಟಿತ್ತು. ಅದಕ್ಕೆ ಇದೇ ಕಾರಣವೋ ಏನೋ, ಆದರೆ ಆ ಸೀಳು ನೋಡಿದಾಗ ನನಗೆ ನೆನಪಾದದ್ದು ಅದೇ. ನಲ್ಲಿಗೆ ನೇರವಾಗಿ ಮೋಟಾರ್ ಕೊಟ್ಟು ಎಳೆಯುವವರು ದಯವಿಟ್ಟು ಇದನ್ನು ಯೋಚಿಸಿ. ಮೋಟಾರು ಎಳೆಯುವುದು ಬರೀ ನೀರನ್ನಲ್ಲ, ಇಂಥ ಸೀಳಿನಿಂದ ಕೊಳಚೆಯನ್ನೂ. ಬೀದಿಯ ಎಲ್ಲರ ಮನೆ ನೀರೂ ಕೆಡುತ್ತೆ.

ಹೊಸ ಪೈಪನ್ನು ಚರಂಡಿ ದಾಟುವ ಕಡೆ ಮೇಲಿನಿಂದ, ದಪ್ಪ ಜಿಐ ಪೈಪಿನೊಳಗೆ ತೂರಿಸಿ ತಂದೆವು. ಸಂಪು ಖಾಲಿ ಮಾಡಿ, ತಳದ ಕೆಸರು ತೆಗೆದು, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಎರಡು ಸಲ ತೊಳೆದೆವು. ಮೊದಲ ದಿನ ಬಂದ ನೀರನ್ನು ತೆಂಗಿನ ಗಿಡಗಳಿಗೆ ಬಿಟ್ಟೆವು.

ಇಷ್ಟಾದ ಮೇಲೂ ನಲ್ಲಿ ನೀರನ್ನು ನಾವು ಕುಡಿಯಲು ಬಳಸುವುದಿಲ್ಲ. ಪಾವಗಡ, ಮಧುಗಿರಿ, ಶಿರಾ ಕಡೆ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲ. ಅದನ್ನು ಅತ್ತೆಗೆ ಒಪ್ಪಿಸಲು ನನಗೆ ವರ್ಷ ಬೇಕಾಯಿತು. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ಕ್ಯಾನೇ.

ಖರ್ಚು ಬರೆದಿಟ್ಟಿದ್ದೇನೆ. ಪ್ಲಂಬರ್ ಮತ್ತು ಹೆಲ್ಪರ್ ಕೂಲಿ ನಾಲ್ಕು ದಿನಕ್ಕೆ 6,800. ಸಾಮಾನು 11,640. ಐದು ನಲ್ಲಿ 1,900. ಸೋಲಾರ್ ಟ್ಯಾಂಕಿನ ಸುಣ್ಣ ತೆಗೆಸಿದ್ದು 1,800. ರಸ್ತೆ ಕತ್ತರಿಸಿ ಕಾಂಕ್ರೀಟ್ ಹಾಕಿಸಿದ್ದು 1,600. ಪಂಚಾಯ್ತಿ ಬಾಕಿ, ಟ್ಯಾಂಕರ್, ಪಂಪ್ ಬಾಡಿಗೆ, ಮೊದಲ ದಿನದ ಆ ನಲ್ಲಿ ಎಲ್ಲ ಸೇರಿ ಒಟ್ಟು 27,250 ರೂಪಾಯಿ. ಮೊದಲು ಬಂದವರು ಹೇಳಿದ 60 ಸಾವಿರದ ಅರ್ಧಕ್ಕಿಂತ ಕಡಿಮೆ.

ಈಗ ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ಇದಕ್ಕೆ ಅಂತಲೇ ಇಟ್ಟುಕೊಳ್ಳಬೇಕು ಅಂದುಕೊಂಡಿದ್ದೇನೆ. ಎಲ್ಲ ವಾಲ್ವ್ ಒಮ್ಮೆ ತಿರುಗಿಸುವುದು, ಕೋಲು ಇಳಿಸಿ ನೋಡುವುದು, ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡುವುದು. ಶವರಿನ ತಲೆ, ನಲ್ಲಿ ತುದಿಯ ಜಾಲರಿ ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್ ಪುಡಿ) ನೀರಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬಿಳಿ ಕಟ್ಟಿದ್ದೆಲ್ಲ ಬಿಡುತ್ತೆ. ಬಚ್ಚಲು ಕಟ್ಟಿತು ಅಂತ ಆ್ಯಸಿಡ್ ಮಾತ್ರ ಸುರಿಯಬೇಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಗಲೀಜು ಕರಗಿಸುವ ಜೀವಾಣು ಸಾಯುತ್ತವೆ. ಮೇಲಿನ ಜಾಲರಿ ತೆಗೆದು ಕೂದಲು ಎಳೆದರೆ ಮುಕ್ಕಾಲು ಪಾಲು ಸರಿಹೋಗುತ್ತೆ.

ನಾಳೆ ಯುಗಾದಿ. ಬೆಳಿಗ್ಗೆ ಬಿಸಿನೀರಿನ ನಲ್ಲಿಗೆ ಬಕೆಟ್ ಇಟ್ಟು ಗಡಿಯಾರ ನೋಡಿದೆ. ಎರಡೂವರೆ ನಿಮಿಷಕ್ಕೆ ತುಂಬಿತು. ಎಣ್ಣೆ ಸ್ನಾನಕ್ಕೆ ಈ ಸಲ ಒಲೆ ಹಚ್ಚುವುದು ಬೇಡ ಅಂತ ಅತ್ತೆಗೆ ಹೇಳಿದ್ದೇನೆ. ಅವರು ಈಗ ಬೀದಿಯಲ್ಲಿದ್ದಾರೆ. ಹೊಸ ಕಾಂಕ್ರೀಟ್ ಮೇಲೆ ಗೋಣಿಚೀಲ ಹಾಸಿ, ಟ್ರ್ಯಾಕ್ಟರ್ ಹತ್ತದ ಹಾಗೆ ಎರಡು ಕಲ್ಲು ಅಡ್ಡ ಇಟ್ಟು, ಚೊಂಬಿನಿಂದ ನೀರು ಹಾಕುತ್ತಿದ್ದಾರೆ. ಇನ್ನೂ ನಾಲ್ಕು ದಿನ ಅದನ್ನು ನೆನೆಸಬೇಕು.